ವೇಗೋತ್ಕರ್ಷದ ಲೆಕ್ಕಗಳನ್ನು ಬಿಡಿಸುವ ಕ್ರಮ

ಚಲನೆಯ ಲೆಕ್ಕಗಳಲ್ಲಿ ಎಡವುವವರು ಗುಣಾಕಾರ, ಭಾಗಾಕಾರಗಳಲ್ಲಿ ಎಡವುವುದು ಕಡಿಮೆ. ಪ್ರಶ್ನೆಯನ್ನು ಓದಿ ಮುಗಿಸುವ ಮೊದಲೇ ನೆನಪಿಗೆ ಬಂದ ಸೂತ್ರವೊಂದನ್ನು ಬರೆದು, ಕಣ್ಣಿಗೆ ಬಿದ್ದ ಸಂಖ್ಯೆಗಳನ್ನು ಅದರಲ್ಲಿ ತುಂಬಿಬಿಡುವುದರಿಂದ ಲೆಕ್ಕವು ಮೊದಲ ಸಾಲಿನಲ್ಲಿಯೇ ದಾರಿ ತಪ್ಪುತ್ತದೆ. ಸರಳರೇಖೆಯಲ್ಲಿ ಏಕರೂಪ ವೇಗೋತ್ಕರ್ಷದಿಂದ ಚಲಿಸುವ ಕಾಯಗಳ ಕುರಿತಾದ ಪ್ರಶ್ನೆಗಳಿಗೆ ಬೇಕಾಗುವ ಸೂತ್ರಗಳು ನಾಲ್ಕೇ ನಾಲ್ಕು, ಮತ್ತು ಅವುಗಳನ್ನು ಬಾಯಿಪಾಠ ಮಾಡುವುದು ದೊಡ್ಡ ಕೆಲಸವಲ್ಲ. ಕಷ್ಟವಿರುವುದು ಸೂತ್ರಕ್ಕೆ ಮುಂಚಿನ ಕೆಲಸದಲ್ಲಿ: ಚಲನೆಯನ್ನು ಹಂತಗಳಾಗಿ ಒಡೆಯುವುದರಲ್ಲಿ, ದಿಕ್ಕನ್ನು ನಿಗದಿಪಡಿಸುವುದರಲ್ಲಿ, ವೇಗ-ಕಾಲ ನಕ್ಷೆಯೊಂದನ್ನು ಗೀಚಿಕೊಳ್ಳುವುದರಲ್ಲಿ. ಈ ಬರಹದ ಹೆಚ್ಚಿನ ಭಾಗ ಆ ಕೆಲಸಕ್ಕೇ ಮೀಸಲು.

ಪದಗಳು ಮೊದಲು ಸ್ಪಷ್ಟವಾಗಲಿ

ದೂರ ಎಂದರೆ ಕಾಯವು ಕ್ರಮಿಸಿದ ಹಾದಿಯ ಒಟ್ಟು ಉದ್ದ. ಸ್ಥಾನಪಲ್ಲಟ ಎಂದರೆ ಹೊರಟ ಬಿಂದುವಿನಿಂದ ತಲುಪಿದ ಬಿಂದುವಿಗೆ ಇರುವ ನೇರ ಅಂತರ, ಅದೂ ದಿಕ್ಕಿನ ಸಮೇತ. 400 ಮೀಟರ್ ಸುತ್ತಳತೆಯ ಪಥದಲ್ಲಿ ಒಂದು ಸುತ್ತು ಪೂರೈಸಿದ ಓಟಗಾರ ಕ್ರಮಿಸಿದ ದೂರ 400 ಮೀಟರ್ ಆದರೆ, ಆತನ ಸ್ಥಾನಪಲ್ಲಟ ಸೊನ್ನೆ. ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಜವ ಸಿಗುತ್ತದೆ, ಸ್ಥಾನಪಲ್ಲಟವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತದೆ. ಕಾಯವು ಹಿಂದಿರುಗದೆ ಒಂದೇ ದಿಕ್ಕಿನಲ್ಲಿ ಸಾಗುವವರೆಗೆ ಈ ಎರಡರ ನಡುವೆ ವ್ಯತ್ಯಾಸ ಕಾಣುವುದಿಲ್ಲ. ತಿರುಗಿ ಬರುವ ಚೆಂಡಿನ ಪ್ರಶ್ನೆ ಎದುರಾದಾಗ ಮಾತ್ರ ಅದು ಮುಖ್ಯವಾಗುತ್ತದೆ.

ವೇಗೋತ್ಕರ್ಷವೆಂದರೆ ವೇಗವು ಬದಲಾಗುವ ದರ. 3 ಮೀ/ಸೆ² ಎಂದು ಬರೆದಿದ್ದನ್ನು ‘ಪ್ರತಿಯೊಂದು ಸೆಕೆಂಡಿಗೂ ವೇಗವು 3 ಮೀ/ಸೆ ನಷ್ಟು ಬದಲಾಗುತ್ತದೆ’ ಎಂದು ಬಿಡಿಸಿ ಓದಿಕೊಳ್ಳುವ ಅಭ್ಯಾಸ ಇಟ್ಟುಕೊಂಡರೆ, ಸೆಕೆಂಡಿನ ವರ್ಗ ಎಲ್ಲಿಂದ ಬಂತೆಂಬ ಗೊಂದಲ ತಾನಾಗಿಯೇ ಕರಗುತ್ತದೆ. 5 ಮೀ/ಸೆ ವೇಗದಲ್ಲಿದ್ದ ಕಾಯವು ಈ ದರದಲ್ಲಿ ಮುಂದಿನ ಸೆಕೆಂಡುಗಳ ಕೊನೆಯಲ್ಲಿ 8, 11, 14 ಮೀ/ಸೆ ವೇಗಗಳನ್ನು ಪಡೆಯುತ್ತದೆ. ಎಷ್ಟೋ ಸುಲಭ ಪ್ರಶ್ನೆಗಳು ಇಷ್ಟರಿಂದಲೇ, ಯಾವ ಸೂತ್ರವನ್ನೂ ಬರೆಯದೆ ಬಗೆಹರಿಯುತ್ತವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಆರಂಭದಲ್ಲಿಯೇ ತೆಗೆದುಹಾಕಬೇಕು. ವೇಗೋತ್ಕರ್ಷದ ಮುಂದೆ ಋಣ ಚಿಹ್ನೆ ಇದೆಯೆಂದ ಮಾತ್ರಕ್ಕೆ ಕಾಯವು ನಿಧಾನವಾಗುತ್ತಿದೆ ಎಂದು ಅರ್ಥವಲ್ಲ. ನಾವು ಧನವೆಂದು ಆರಿಸಿಕೊಂಡ ದಿಕ್ಕಿಗೆ ಅದು ವಿರುದ್ಧವಾಗಿದೆ ಎಂದಷ್ಟೇ ಆ ಚಿಹ್ನೆ ಹೇಳುತ್ತದೆ. ವೇಗ ಮತ್ತು ವೇಗೋತ್ಕರ್ಷಗಳ ಚಿಹ್ನೆಗಳು ಒಂದೇ ಆಗಿದ್ದರೆ ಜವ ಹೆಚ್ಚುತ್ತದೆ, ಬೇರೆಬೇರೆಯಾಗಿದ್ದರೆ ಜವ ಕುಗ್ಗುತ್ತದೆ. ಮೇಲ್ಮುಖವನ್ನು ಧನವೆಂದು ಇಟ್ಟುಕೊಂಡಾಗ ಕೆಳಗೆ ಬೀಳುತ್ತಿರುವ ಕಲ್ಲಿನ ವೇಗವೂ ಋಣ, ವೇಗೋತ್ಕರ್ಷವೂ ಋಣ. ಕಲ್ಲು ಮಾತ್ರ ಕ್ಷಣಕ್ಷಣಕ್ಕೂ ಹೆಚ್ಚು ಜೋರಾಗಿ ಬೀಳುತ್ತಿರುತ್ತದೆ.

ಪ್ರಶ್ನೆಯನ್ನು ಓದುವ ಬಗೆ

ಪ್ರಶ್ನೆಯಲ್ಲಿ ಅಂಕಿಗಳಲ್ಲಿ ಕೊಟ್ಟಿರುವ ಮಾಹಿತಿ ಒಂದಾದರೆ, ಮಾತಿನಲ್ಲಿ ಅಡಗಿರುವ ಮಾಹಿತಿ ಇನ್ನೊಂದು. ‘ನಿಶ್ಚಲ ಸ್ಥಿತಿಯಿಂದ ಹೊರಟು’ ಎಂದಿದ್ದರೆ ಆರಂಭಿಕ ವೇಗ ಸೊನ್ನೆ. ‘ಬ್ರೇಕ್ ಹಾಕಿದಾಗ ನಿಂತಿತು’ ಎಂದಿದ್ದರೆ ಅಂತಿಮ ವೇಗ ಸೊನ್ನೆ. ‘ಗರಿಷ್ಠ ಎತ್ತರ’ ಎಂಬ ಮಾತು ಬಂದರೆ ಆ ಬಿಂದುವಿನಲ್ಲಿ ಲಂಬ ದಿಕ್ಕಿನ ವೇಗ ಸೊನ್ನೆ. ‘ಕೈಬಿಡಲಾಯಿತು’ ಎಂಬುದಕ್ಕೂ ‘ಕೆಳಕ್ಕೆ ಎಸೆಯಲಾಯಿತು’ ಎಂಬುದಕ್ಕೂ ನಡುವೆ ಇರುವ ಅಂತರ ಒಂದಿಡೀ ಲೆಕ್ಕವನ್ನೇ ಬದಲಿಸುತ್ತದೆ. ‘ಮೇಲೇರುತ್ತಿರುವ ಬಲೂನಿನಿಂದ ಕೈಬಿಡಲಾಯಿತು’ ಎಂದಿದ್ದರೆ ಮತ್ತಷ್ಟು ಎಚ್ಚರ ಬೇಕು, ಏಕೆಂದರೆ ಕೈಬಿಟ್ಟ ಕ್ಷಣದಲ್ಲಿ ಆ ವಸ್ತುವಿಗೆ ಬಲೂನಿನ ಮೇಲ್ಮುಖ ವೇಗವೇ ಇರುತ್ತದೆ. ಅದು ಮೊದಲು ಸ್ವಲ್ಪ ಮೇಲಕ್ಕೆ ಹೋಗಿ ಆಮೇಲೆ ಬೀಳಲು ತೊಡಗುತ್ತದೆ.

ಓದಿದ ಮೇಲೆ ಒಂದು ಗೆರೆ ಎಳೆದು, ಮೂಲಬಿಂದುವನ್ನು ಗುರುತಿಸಿ, ಧನ ದಿಕ್ಕಿಗೆ ಬಾಣ ಹಾಕಿ. ಯಾವ ದಿಕ್ಕನ್ನು ಧನವೆಂದು ಆರಿಸಿಕೊಂಡರೂ ಸರಿಯೇ, ಆದರೆ ಲೆಕ್ಕದ ನಡುವೆ ಅದನ್ನು ಬದಲಿಸುವಂತಿಲ್ಲ. ಅನಂತರ ಐದು ರಾಶಿಗಳನ್ನು ಒಂದರ ಕೆಳಗೊಂದು ಬರೆಯಿರಿ: ಆರಂಭಿಕ ವೇಗ, ಅಂತಿಮ ವೇಗ, ವೇಗೋತ್ಕರ್ಷ, ಕಾಲ, ಸ್ಥಾನಪಲ್ಲಟ. ತಿಳಿದಿರುವುದರ ಮುಂದೆ ಸಂಖ್ಯೆಯನ್ನು ಚಿಹ್ನೆಯ ಸಮೇತ ಬರೆದು, ಕೇಳಿರುವುದರ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ. ಮೂರು ತಿಳಿದಿದ್ದರೆ ಉಳಿದೆರಡನ್ನು ಕಂಡುಹಿಡಿಯಬಹುದು; ಎರಡೇ ತಿಳಿದಿವೆ ಎನಿಸಿದರೆ ಮಾತಿನಲ್ಲಿ ಅಡಗಿರುವ ಯಾವುದೋ ಒಂದನ್ನು ಬಿಟ್ಟಿದ್ದೀರಿ, ಇಲ್ಲವೇ ಚಲನೆಯಲ್ಲಿ ಒಂದಕ್ಕಿಂತ ಹೆಚ್ಚು ಹಂತಗಳಿವೆ.

ಏಕಮಾನಗಳನ್ನು ಈ ಹಂತದಲ್ಲಿಯೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಗಂಟೆಗೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸರಿಯಾಗಿ 5 ಮೀಟರ್, ಏಕೆಂದರೆ 18,000 ಮೀಟರನ್ನು 3,600 ಸೆಕೆಂಡುಗಳಿಂದ ಭಾಗಿಸಿದರೆ 5 ಬರುತ್ತದೆ. ಈ ಒಂದು ಜೋಡಿ ನೆನಪಿದ್ದರೆ 36ಕ್ಕೆ 10, 54ಕ್ಕೆ 15, 72ಕ್ಕೆ 20, 90ಕ್ಕೆ 25 ಎಂದು ಬಾಯಲ್ಲೇ ಹೇಳಬಹುದು.

ನಕ್ಷೆಯೇ ಸೂತ್ರಗಳ ತವರು

ಅಡ್ಡ ಅಕ್ಷದಲ್ಲಿ ಕಾಲವನ್ನೂ ಲಂಬ ಅಕ್ಷದಲ್ಲಿ ವೇಗವನ್ನೂ ಇಟ್ಟು ನಕ್ಷೆ ಎಳೆದರೆ, ಏಕರೂಪ ವೇಗೋತ್ಕರ್ಷದ ಚಲನೆಯು ಒಂದು ನೇರ ಗೆರೆಯಾಗಿ ಕಾಣುತ್ತದೆ. ಆ ಗೆರೆಯ ಇಳಿಜಾರು ವೇಗೋತ್ಕರ್ಷವನ್ನು ಕೊಡುತ್ತದೆ, ಗೆರೆ ಮತ್ತು ಕಾಲಾಕ್ಷದ ನಡುವಿನ ವಿಸ್ತೀರ್ಣ ಸ್ಥಾನಪಲ್ಲಟವನ್ನು ಕೊಡುತ್ತದೆ. ನಾಲ್ಕು ಸೂತ್ರಗಳೂ ಈ ಎರಡು ಮಾತುಗಳಿಂದಲೇ ಹುಟ್ಟುತ್ತವೆ.

ಇಳಿಜಾರಿನಿಂದ ಮೊದಲನೆಯದು:
ಅಂತಿಮ ವೇಗ = ಆರಂಭಿಕ ವೇಗ + (ವೇಗೋತ್ಕರ್ಷ × ಕಾಲ)

ಗೆರೆಯ ಕೆಳಗಿನ ಆಕೃತಿ ಒಂದು ತ್ರಾಪಿಜ್ಯವಾದ್ದರಿಂದ ಅದರ ವಿಸ್ತೀರ್ಣವೇ ಎರಡನೆಯದು:
ಸ್ಥಾನಪಲ್ಲಟ = ½ × (ಆರಂಭಿಕ ವೇಗ + ಅಂತಿಮ ವೇಗ) × ಕಾಲ

ಅದೇ ತ್ರಾಪಿಜ್ಯವನ್ನು ಕೆಳಗೊಂದು ಆಯತ, ಮೇಲೊಂದು ತ್ರಿಭುಜ ಎಂದು ಕತ್ತರಿಸಿ ನೋಡಿದರೆ ಮೂರನೆಯದು:
ಸ್ಥಾನಪಲ್ಲಟ = (ಆರಂಭಿಕ ವೇಗ × ಕಾಲ) + (½ × ವೇಗೋತ್ಕರ್ಷ × ಕಾಲ²)

ಮೊದಲೆರಡರಿಂದ ಕಾಲವನ್ನು ತೊಡೆದುಹಾಕಿದರೆ ನಾಲ್ಕನೆಯದು:
ಅಂತಿಮ ವೇಗ² = ಆರಂಭಿಕ ವೇಗ² + (2 × ವೇಗೋತ್ಕರ್ಷ × ಸ್ಥಾನಪಲ್ಲಟ)

ಪ್ರತಿಯೊಂದು ಸೂತ್ರದಲ್ಲಿಯೂ ಐದು ರಾಶಿಗಳ ಪೈಕಿ ಒಂದು ಇಲ್ಲದಿರುವುದನ್ನು ಗಮನಿಸಿ. ಮೊದಲನೆಯದರಲ್ಲಿ ಸ್ಥಾನಪಲ್ಲಟವಿಲ್ಲ, ಎರಡನೆಯದರಲ್ಲಿ ವೇಗೋತ್ಕರ್ಷವಿಲ್ಲ, ಮೂರನೆಯದರಲ್ಲಿ ಅಂತಿಮ ವೇಗವಿಲ್ಲ, ನಾಲ್ಕನೆಯದರಲ್ಲಿ ಕಾಲವಿಲ್ಲ. ಆದ್ದರಿಂದ ಸೂತ್ರವನ್ನು ಆರಿಸುವಾಗ ‘ನನಗೆ ಏನು ಬೇಕು’ ಎಂಬುದಕ್ಕಿಂತ ‘ಪ್ರಶ್ನೆಯಲ್ಲಿ ಯಾವುದರ ಸುದ್ದಿಯೇ ಇಲ್ಲ’ ಎಂದು ಕೇಳಿಕೊಳ್ಳುವುದು ಬೇಗ ಫಲ ಕೊಡುತ್ತದೆ: ಕೊಟ್ಟಿಯೂ ಇಲ್ಲದ, ಕೇಳಿಯೂ ಇಲ್ಲದ ರಾಶಿ ಯಾವುದೋ, ಅದಿಲ್ಲದ ಸೂತ್ರವೇ ನಿಮ್ಮ ಸೂತ್ರ. ಎರಡನೆಯ ಸೂತ್ರವನ್ನು ಹಲವರು ಕಡೆಗಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಾಲ್ಕರಲ್ಲಿ ಅದೇ ಅತ್ಯಂತ ಉಪಯುಕ್ತವಾದದ್ದು, ಏಕೆಂದರೆ ‘ಸರಾಸರಿ ವೇಗವನ್ನು ಕಾಲದಿಂದ ಗುಣಿಸು’ ಎಂಬ ಅದರ ಅರ್ಥ ಎಂದಿಗೂ ಮರೆತುಹೋಗುವಂಥದ್ದಲ್ಲ. 14ನೆಯ ಶತಮಾನದಲ್ಲಿ, ಬೀಜಗಣಿತದ ಈಗಿನ ಬರವಣಿಗೆ ಇನ್ನೂ ಇಲ್ಲದಿದ್ದ ಕಾಲದಲ್ಲಿ, ಆಕ್ಸ್‌ಫರ್ಡ್‌ನ ವಿದ್ವಾಂಸರು ಈ ನಿಯಮವನ್ನು ಮಾತಿನಲ್ಲಿ ಹೇಳಿದ್ದರು. ಫ್ರಾನ್ಸಿನ ನಿಕೋಲ್ ಒರೆಮ್ ಅದನ್ನು ಆಕೃತಿಯ ವಿಸ್ತೀರ್ಣದ ಮೂಲಕ ತೋರಿಸಿದ್ದನು.

ಬ್ರೇಕ್ ಹಾಕಿದ ಕಾರು

ಒಂದು ಕಾರು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ರಸ್ತೆಯಲ್ಲಿ ಅಡ್ಡಿಯನ್ನು ಕಂಡ ಚಾಲಕನು 0.8 ಸೆಕೆಂಡಿನ ಬಳಿಕ ಬ್ರೇಕ್ ಒತ್ತುತ್ತಾನೆ, ಮತ್ತು ಆಗ ಕಾರಿನ ವೇಗವು ಪ್ರತಿ ಸೆಕೆಂಡಿಗೆ 5 ಮೀ/ಸೆ ನಂತೆ ಕುಗ್ಗುತ್ತದೆ. ಅಡ್ಡಿಯನ್ನು ಕಂಡಾಗಿನಿಂದ ನಿಲ್ಲುವವರೆಗೆ ಕಾರು ಎಷ್ಟು ದೂರ ಸಾಗುತ್ತದೆ?

ಇಲ್ಲಿ ಹಂತಗಳು ಎರಡು. ಮೊದಲ ಹಂತದಲ್ಲಿ ವೇಗೋತ್ಕರ್ಷ ಸೊನ್ನೆ, ವೇಗ 20 ಮೀ/ಸೆ, ಕಾಲ 0.8 ಸೆಕೆಂಡು; ದೂರ 16 ಮೀಟರ್. ಎರಡನೆಯ ಹಂತದಲ್ಲಿ ಆರಂಭಿಕ ವೇಗ 20, ಅಂತಿಮ ವೇಗ 0, ವೇಗೋತ್ಕರ್ಷ −5. ಕಾಲದ ಸುದ್ದಿಯಿಲ್ಲದ ಕಾರಣ ನಾಲ್ಕನೆಯ ಸೂತ್ರ.

0 = 400 − (10 × ದೂರ), ಆದ್ದರಿಂದ ದೂರ 40 ಮೀಟರ್.

ಒಟ್ಟು 56 ಮೀಟರ್. ಇದೇ ಕಾರು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದ್ದಿದ್ದರೆ ಮೊದಲ ಹಂತಕ್ಕೆ 8 ಮೀಟರ್, ಎರಡನೆಯದಕ್ಕೆ 10 ಮೀಟರ್, ಒಟ್ಟು 18 ಮೀಟರ್ ಸಾಕಾಗುತ್ತಿತ್ತು. ವೇಗ ಅರ್ಧವಾದಾಗ ಮೊದಲ ಹಂತದ ದೂರ ಅರ್ಧವಾಯಿತು, ಆದರೆ ಬ್ರೇಕ್ ಹಾಕಿದ ಮೇಲಿನ ದೂರ ಕಾಲು ಭಾಗಕ್ಕೆ ಇಳಿಯಿತು. ನಾಲ್ಕನೆಯ ಸೂತ್ರದಲ್ಲಿ ವೇಗವು ವರ್ಗವಾಗಿ ಬರುವುದರ ಪರಿಣಾಮ ಇದು.

ಅಡ್ಡಿಯು 45 ಮೀಟರ್ ದೂರದಲ್ಲಿದ್ದರೆ ಏನಾಗುತ್ತದೆ ಎಂದು ಮುಂದುವರಿಸಿ ನೋಡೋಣ. 72 ಕಿಲೋಮೀಟರ್ ವೇಗದ ಕಾರಿಗೆ ಬ್ರೇಕ್ ಹಾಕಿದ ಬಳಿಕ ಉಳಿಯುವುದು 29 ಮೀಟರ್ ಮಾತ್ರ. ಆ ಅಂತರದ ಕೊನೆಯಲ್ಲಿ ವೇಗದ ವರ್ಗವು 400 − 290 = 110 ಆಗಿರುತ್ತದೆ, ಅಂದರೆ ವೇಗ ಸುಮಾರು 10.5 ಮೀ/ಸೆ. ನಿಲ್ಲಬೇಕಾದ ದೂರದ ಬಹುಭಾಗ ಮುಗಿದಿದ್ದರೂ ಕಾರು ಅಡ್ಡಿಗೆ ಬಡಿಯುವಾಗ ಅದರ ವೇಗ ಇನ್ನೂ ಗಂಟೆಗೆ ಸುಮಾರು 38 ಕಿಲೋಮೀಟರ್ ಇರುತ್ತದೆ. ವೇಗವು ಕಾಲದೊಂದಿಗೆ ಸಮವಾಗಿ ಕುಗ್ಗುತ್ತದೆಯೇ ಹೊರತು ದೂರದೊಂದಿಗೆ ಸಮವಾಗಿ ಕುಗ್ಗುವುದಿಲ್ಲ.

ಇದೇ ಕಾರಿನ ಬಗ್ಗೆ ಪರೀಕ್ಷೆಗಳಲ್ಲಿ ಕೇಳಬಹುದಾದ ಒಂದು ಬಲೆಯ ಪ್ರಶ್ನೆಯಿದೆ: ಬ್ರೇಕ್ ಹಾಕಿದ ಮೊದಲ 6 ಸೆಕೆಂಡುಗಳಲ್ಲಿ ಕಾರು ಎಷ್ಟು ದೂರ ಸಾಗುತ್ತದೆ? ಮೂರನೆಯ ಸೂತ್ರದಲ್ಲಿ ನೇರವಾಗಿ ಹಾಕಿದರೆ (20 × 6) − (½ × 5 × 36) = 30 ಮೀಟರ್ ಬರುತ್ತದೆ. ಆದರೆ ಕಾರು ನಿಲ್ಲಲು 40 ಮೀಟರ್ ಬೇಕೆಂದು ಈಗಷ್ಟೇ ಕಂಡೆವು. ಕಾರು 4 ಸೆಕೆಂಡಿಗೆ ನಿಂತುಬಿಡುತ್ತದೆ ಎಂಬುದು ಸೂತ್ರಕ್ಕೆ ಗೊತ್ತಿಲ್ಲ. ಅದು ಉಳಿದ 2 ಸೆಕೆಂಡು ಕಾರನ್ನು ಹಿಮ್ಮುಖವಾಗಿ ಓಡಿಸಿ 10 ಮೀಟರ್ ಕಳೆದಿದೆ. ಬ್ರೇಕಿನ ಬಲವು ನಿಂತ ವಾಹನವನ್ನು ಹಿಂದಕ್ಕೆ ತಳ್ಳುವುದಿಲ್ಲವಾದ್ದರಿಂದ ಸರಿಯಾದ ಉತ್ತರ 40 ಮೀಟರ್. ನಿಲ್ಲುವ ಕಾಲವನ್ನು ಮೊದಲು ಕಂಡುಕೊಂಡು, ಕೇಳಿರುವ ಕಾಲ ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ನೋಡಿದ ಮೇಲೆಯೇ ಇಂಥ ಪ್ರಶ್ನೆಗೆ ಕೈ ಹಾಕಬೇಕು.

ಹಂತಗಳಿರುವ ಪ್ರಯಾಣ

ಒಂದು ರೈಲು ನಿಶ್ಚಲ ಸ್ಥಿತಿಯಿಂದ ಹೊರಟು 0.5 ಮೀ/ಸೆ² ವೇಗೋತ್ಕರ್ಷದಲ್ಲಿ 40 ಸೆಕೆಂಡು ಸಾಗಿ, ಆಗ ಬಂದ ವೇಗದಲ್ಲಿಯೇ 60 ಸೆಕೆಂಡು ಓಡಿ, ಕೊನೆಗೆ ಸೆಕೆಂಡಿಗೆ 1 ಮೀ/ಸೆ ನಂತೆ ವೇಗವನ್ನು ಕಳೆದುಕೊಂಡು ಮುಂದಿನ ನಿಲ್ದಾಣದಲ್ಲಿ ನಿಲ್ಲುತ್ತದೆ. ನಿಲ್ದಾಣಗಳ ನಡುವಿನ ದೂರವೆಷ್ಟು?

ಇಡೀ ಪ್ರಯಾಣಕ್ಕೆ ಒಂದೇ ಸೂತ್ರವನ್ನು ಹಾಕಲು ಬರುವುದಿಲ್ಲ, ಏಕೆಂದರೆ ವೇಗೋತ್ಕರ್ಷವು ಎರಡು ಬಾರಿ ಬದಲಾಗುತ್ತದೆ. ಒಂದು ಹಂತದ ಅಂತಿಮ ವೇಗವೇ ಮುಂದಿನ ಹಂತದ ಆರಂಭಿಕ ವೇಗ ಎಂಬ ಕೊಂಡಿಯನ್ನು ಹಿಡಿದು ಸಾಗಬೇಕು. 40 ಸೆಕೆಂಡಿನ ಕೊನೆಗೆ ವೇಗ 20 ಮೀ/ಸೆ, ದೂರ ½ × 20 × 40 = 400 ಮೀಟರ್. ಎರಡನೆಯ ಹಂತದಲ್ಲಿ 20 × 60 = 1,200 ಮೀಟರ್. ಮೂರನೆಯದರಲ್ಲಿ ನಿಲ್ಲಲು 20 ಸೆಕೆಂಡು, ದೂರ 200 ಮೀಟರ್. ಒಟ್ಟು 1,800 ಮೀಟರ್, ಒಟ್ಟು 120 ಸೆಕೆಂಡು, ಸರಾಸರಿ ವೇಗ 15 ಮೀ/ಸೆ.

ನಕ್ಷೆ ಎಳೆದವರಿಗೆ ಇದು ಒಂದೇ ಸಾಲಿನ ಲೆಕ್ಕ. ಕೆಳಗಿನ ಬಾಹು 120, ಮೇಲಿನ ಬಾಹು 60, ಎತ್ತರ 20 ಇರುವ ತ್ರಾಪಿಜ್ಯ; ವಿಸ್ತೀರ್ಣ ½ × (120 + 60) × 20 = 1,800. ಆರಂಭಿಕ ಮತ್ತು ಅಂತಿಮ ವೇಗಗಳ ಸರಾಸರಿಯನ್ನು ತೆಗೆಯುವ ಎರಡನೆಯ ಸೂತ್ರವನ್ನು ಇಡೀ ಪ್ರಯಾಣಕ್ಕೆ ಹಾಕಿದವರಿಗೆ ಸಿಗುವುದು ಸೊನ್ನೆ. ಒಂದೇ ಹಂತದೊಳಗೆ ಮಾತ್ರ ಆ ಸೂತ್ರ ಸತ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೇಲಕ್ಕೆ ಎಸೆದ ಚೆಂಡು

ಭೂಮಿಯ ಮೇಲ್ಮೈ ಹತ್ತಿರ ಗಾಳಿಯ ತಡೆಯನ್ನು ಬದಿಗಿಟ್ಟರೆ ಎಲ್ಲ ಕಾಯಗಳೂ ಸುಮಾರು 9.8 ಮೀ/ಸೆ² ವೇಗೋತ್ಕರ್ಷದಿಂದ ಬೀಳುತ್ತವೆ. ಸಮಭಾಜಕದಲ್ಲಿ ಇದು ಸುಮಾರು 9.78, ಧ್ರುವಗಳಲ್ಲಿ ಸುಮಾರು 9.83, 1901ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಪ್ರಮಾಣ ಬೆಲೆ 9.80665. ಕೈಲೆಕ್ಕಕ್ಕೆ 10 ಎಂದು ಹಿಡಿದರೆ ಎರಡು ಪ್ರತಿಶತದಷ್ಟು ವ್ಯತ್ಯಾಸ ಬರುತ್ತದೆ, ಮತ್ತು ಪ್ರಶ್ನೆಯಲ್ಲಿ ಹಾಗೆ ಹೇಳಿದ್ದರೆ ಅದರಿಂದ ತೊಂದರೆಯಿಲ್ಲ. ಬೀಳುವ ವೇಗೋತ್ಕರ್ಷಕ್ಕೂ ವಸ್ತುವಿನ ತೂಕಕ್ಕೂ ಸಂಬಂಧವಿಲ್ಲ ಎಂಬುದನ್ನು 1971ರಲ್ಲಿ ಅಪೋಲೋ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟು ತೋರಿಸಿದರು. ಎರಡೂ ಒಂದೇ ಕ್ಷಣದಲ್ಲಿ ನೆಲ ಮುಟ್ಟಿದವು.

ನೆಲದಿಂದ 25 ಮೀಟರ್ ಎತ್ತರದ ಕಟ್ಟಡದ ಅಂಚಿನಿಂದ ಚೆಂಡೊಂದನ್ನು 20 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆಯಲಾಗಿದೆ. ಮರಳುವಾಗ ಅದು ಅಂಚನ್ನು ದಾಟಿ ನೆಲಕ್ಕೆ ಬೀಳುತ್ತದೆ. ಅದು ನೆಲ ತಲುಪಲು ಎಷ್ಟು ಕಾಲ ಬೇಕು? ಗುರುತ್ವ ವೇಗೋತ್ಕರ್ಷವನ್ನು 10 ಮೀ/ಸೆ² ಎಂದು ಹಿಡಿಯಿರಿ.

ಇದನ್ನು ಏರುವುದು, ಇಳಿಯುವುದು ಎಂದು ಎರಡು ಭಾಗ ಮಾಡುವವರೇ ಹೆಚ್ಚು. ಹಾಗೆ ಮಾಡಿದರೂ ತಪ್ಪಿಲ್ಲ. ಆದರೆ ಏರುವಾಗಲೂ ಇಳಿಯುವಾಗಲೂ ವೇಗೋತ್ಕರ್ಷ ಒಂದೇ, ಕೆಳಮುಖವಾಗಿ 10. ಹಾಗಾಗಿ ಇದು ಒಂದೇ ಹಂತದ ಚಲನೆ. ಮೇಲ್ಮುಖವನ್ನು ಧನವೆಂದು ಇಟ್ಟುಕೊಂಡರೆ ಆರಂಭಿಕ ವೇಗ +20, ವೇಗೋತ್ಕರ್ಷ −10, ಸ್ಥಾನಪಲ್ಲಟ −25. ಚೆಂಡು ಎಷ್ಟೇ ಮೇಲೆ ಹೋಗಿ ಬಂದಿದ್ದರೂ ಹೊರಟ ಬಿಂದುವಿಗಿಂತ 25 ಮೀಟರ್ ಕೆಳಗೆ ತಲುಪಿದೆ ಎಂಬುದಷ್ಟೇ ಇಲ್ಲಿ ಮುಖ್ಯ.

−25 = (20 × ಕಾಲ) − (5 × ಕಾಲ²)

ಎಲ್ಲವನ್ನೂ ಒಂದು ಬದಿಗೆ ತಂದು 5ರಿಂದ ಭಾಗಿಸಿದರೆ ಕಾಲ² − (4 × ಕಾಲ) − 5 = 0. ಈ ವರ್ಗಸಮೀಕರಣದ ಮೂಲಗಳು 5 ಮತ್ತು −1. ಉತ್ತರ 5 ಸೆಕೆಂಡು. ಮರುಪರೀಕ್ಷೆ ಸುಲಭ: ಚೆಂಡು 2 ಸೆಕೆಂಡಿನಲ್ಲಿ ಅಂಚಿನಿಂದ 20 ಮೀಟರ್ ಮೇಲೇರಿ, ನೆಲದಿಂದ 45 ಮೀಟರ್ ಎತ್ತರ ಮುಟ್ಟುತ್ತದೆ; ಅಲ್ಲಿಂದ ಬೀಳಲು 3 ಸೆಕೆಂಡು ಬೇಕು, ಏಕೆಂದರೆ ½ × 10 × 9 = 45.

ಋಣ ಮೂಲವನ್ನು ಹೊಡೆದುಹಾಕುವ ಮೊದಲು ಅದನ್ನು ಒಮ್ಮೆ ನೋಡಬೇಕು. ಒಂದು ಸೆಕೆಂಡು ಮೊದಲು ಚೆಂಡು ನೆಲದ ಮೇಲಿತ್ತು ಎಂದು ಸಮೀಕರಣ ಹೇಳುತ್ತಿದೆ. ಆ ಕ್ಷಣದ ವೇಗವನ್ನು ಮೊದಲ ಸೂತ್ರದಿಂದ ತೆಗೆದರೆ 20 − 10 × (−1) = 30 ಮೀ/ಸೆ. ನಿಜಕ್ಕೂ, ನೆಲದಿಂದ 30 ಮೀ/ಸೆ ವೇಗದಲ್ಲಿ ಯಾರಾದರೂ ಚೆಂಡನ್ನು ಎಸೆದಿದ್ದರೆ ಅದು ಸರಿಯಾಗಿ ಒಂದು ಸೆಕೆಂಡಿಗೆ 25 ಮೀಟರ್ ಎತ್ತರವನ್ನು 20 ಮೀ/ಸೆ ವೇಗದಲ್ಲಿ ಹಾದುಹೋಗುತ್ತಿತ್ತು. ಸಮೀಕರಣಕ್ಕೆ ಎಸೆದವನ ಕೈ ಕಾಣುವುದಿಲ್ಲ. ಅದಕ್ಕೆ ಕಾಣುವುದು ಇಡೀ ಪಥ ಮಾತ್ರ. ನೆಲ ಮುಟ್ಟುವಾಗಿನ ವೇಗ 20 − 50 = −30 ಮೀ/ಸೆ ಆಗಿರುವುದೂ ಇದರೊಂದಿಗೆ ಹೊಂದುತ್ತದೆ: ಒಂದೇ ಎತ್ತರದಲ್ಲಿ ಏರುವ ಜವ ಮತ್ತು ಇಳಿಯುವ ಜವ ಸಮ.

ತುತ್ತತುದಿಯಲ್ಲಿ ಚೆಂಡಿನ ವೇಗ ಸೊನ್ನೆ ನಿಜ, ಆದರೆ ವೇಗೋತ್ಕರ್ಷ ಸೊನ್ನೆಯಲ್ಲ. ಅಲ್ಲಿಯೂ ವೇಗೋತ್ಕರ್ಷ ಸೊನ್ನೆಯಾಗಿ ಹಾಗೆಯೇ ಉಳಿದಿದ್ದರೆ ಚೆಂಡು ಅಲ್ಲೇ ತೇಲುತ್ತ ನಿಂತಿರಬೇಕಾಗಿತ್ತು.

ಇಬ್ಬರು ಸೇರುವ ಬಿಂದು

ಒಂದು ಲಾರಿ 15 ಮೀ/ಸೆ ಏಕರೂಪ ವೇಗದಲ್ಲಿ ಸಾಗುತ್ತ ನಿಂತಿರುವ ಕಾರೊಂದನ್ನು ದಾಟುತ್ತದೆ. ಅದೇ ಕ್ಷಣದಲ್ಲಿ ಕಾರು 3 ಮೀ/ಸೆ² ವೇಗೋತ್ಕರ್ಷದಿಂದ ಅದೇ ದಿಕ್ಕಿನಲ್ಲಿ ಹೊರಡುತ್ತದೆ. ಕಾರು ಲಾರಿಯನ್ನು ಯಾವಾಗ, ಎಷ್ಟು ದೂರದಲ್ಲಿ ಹಿಡಿಯುತ್ತದೆ? ಇಂಥ ಪ್ರಶ್ನೆಗಳಲ್ಲಿ ಎರಡೂ ಕಾಯಗಳಿಗೆ ಒಂದೇ ಮೂಲಬಿಂದು, ಒಂದೇ ಗಡಿಯಾರ ಇಟ್ಟುಕೊಂಡು, ಎರಡರ ಸ್ಥಾನಗಳನ್ನೂ ಸಮಗೊಳಿಸಬೇಕು. 15 × ಕಾಲ = 1.5 × ಕಾಲ² ಎಂಬುದರಿಂದ ಕಾಲ 10 ಸೆಕೆಂಡು, ದೂರ 150 ಮೀಟರ್. ಆಗ ಕಾರಿನ ವೇಗ 30 ಮೀ/ಸೆ, ಲಾರಿಯ ವೇಗಕ್ಕೆ ಸರಿಯಾಗಿ ಎರಡರಷ್ಟು. ಕಾರಿನ ವೇಗೋತ್ಕರ್ಷ ಎಷ್ಟೇ ಇದ್ದರೂ ಅದು ಏಕರೂಪವಾಗಿರುವವರೆಗೆ ಈ ಎರಡರಷ್ಟು ಬದಲಾಗುವುದಿಲ್ಲ, ಏಕೆಂದರೆ ಸೊನ್ನೆಯಿಂದ ಹೊರಟ ಕಾರಿನ ಸರಾಸರಿ ವೇಗ ಲಾರಿಯ ವೇಗಕ್ಕೆ ಸಮನಾಗಬೇಕಾದರೆ ಅಂತಿಮ ವೇಗ ಇಮ್ಮಡಿಯಾಗಲೇಬೇಕು.

ಕಾರು 2 ಸೆಕೆಂಡು ತಡವಾಗಿ ಹೊರಟರೆ ಅದರ ಕಾಲವು ಲಾರಿಯ ಕಾಲಕ್ಕಿಂತ 2 ಕಡಿಮೆ. 15 × ಕಾಲ = 1.5 × (ಕಾಲ − 2)² ಎಂಬುದನ್ನು ಬಿಡಿಸಿದರೆ ಸುಮಾರು 13.7 ಮತ್ತು 0.29 ಎಂಬ ಎರಡು ಧನ ಮೂಲಗಳು ಬರುತ್ತವೆ. ಎರಡೂ ಧನವಾಗಿರುವುದರಿಂದ ಚಿಹ್ನೆ ನೋಡಿ ಆರಿಸಲು ಬರುವುದಿಲ್ಲ, 0.29 ಸೆಕೆಂಡಿನಲ್ಲಿ ಕಾರು ಇನ್ನೂ ಹೊರಟೇ ಇರಲಿಲ್ಲ ಎಂಬ ಕಾರಣದಿಂದ ಆ ಮೂಲವನ್ನು ಕೈಬಿಡಬೇಕು.

ಒಂದು ನಿರ್ದಿಷ್ಟ ಸೆಕೆಂಡಿನಲ್ಲಿ ಸಾಗಿದ ದೂರ

‘ಐದನೆಯ ಸೆಕೆಂಡಿನಲ್ಲಿ’ ಎಂಬುದಕ್ಕೂ ‘ಐದು ಸೆಕೆಂಡುಗಳಲ್ಲಿ’ ಎಂಬುದಕ್ಕೂ ಬಹಳ ಅಂತರವಿದೆ. ನಿಶ್ಚಲ ಸ್ಥಿತಿಯಿಂದ 4 ಮೀ/ಸೆ² ವೇಗೋತ್ಕರ್ಷದಿಂದ ಹೊರಟ ಕಾಯವು ಐದು ಸೆಕೆಂಡುಗಳಲ್ಲಿ 50 ಮೀಟರ್, ನಾಲ್ಕು ಸೆಕೆಂಡುಗಳಲ್ಲಿ 32 ಮೀಟರ್ ಸಾಗುತ್ತದೆ. ಐದನೆಯ ಸೆಕೆಂಡಿನಲ್ಲಿ ಸಾಗಿದ್ದು ಇವುಗಳ ವ್ಯತ್ಯಾಸವಾದ 18 ಮೀಟರ್. ಇದಕ್ಕೆಂದೇ ಇರುವ ಪ್ರತ್ಯೇಕ ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಹೀಗೆ ಕಳೆಯುವುದೇ ಲೇಸು. ಮೊದಲ ಸೆಕೆಂಡಿನಿಂದ ಐದನೆಯದರವರೆಗೆ ದೂರಗಳು 2, 6, 10, 14, 18. ಅಂದರೆ 1, 3, 5, 7, 9ರ ಅನುಪಾತ. ಬೀಳುವ ಕಾಯಗಳ ಚಲನೆಯಲ್ಲಿ ಈ ಬೆಸಸಂಖ್ಯೆಗಳ ನಿಯಮವನ್ನು ಕಂಡವನು ಗೆಲಿಲಿಯೋ. ನೇರ ಪತನವು ಆ ಕಾಲದ ಗಡಿಯಾರಗಳಿಗೆ ಸಿಗದಷ್ಟು ವೇಗದ್ದಾದ್ದರಿಂದ, ಅವನು ಇಳಿಜಾರು ಹಲಗೆಯ ಮೇಲೆ ಗುಂಡನ್ನು ಉರುಳಿಸಿ, ಸಣ್ಣ ನಳಿಕೆಯಿಂದ ಹರಿದ ನೀರನ್ನು ತೂಗಿ ಕಾಲವನ್ನು ಅಳೆದ ಬಗೆಯನ್ನು 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

ಸೂತ್ರಗಳು ಸಲ್ಲದ ಕಡೆ

ನಾಲ್ಕು ಸೂತ್ರಗಳೂ ವೇಗೋತ್ಕರ್ಷ ಸ್ಥಿರವಾಗಿದ್ದಾಗ ಮಾತ್ರ ಸಲ್ಲುತ್ತವೆ. ಸ್ಪ್ರಿಂಗಿಗೆ ಕಟ್ಟಿದ ಗುಂಡು, ಇಂಧನ ಉರಿದಂತೆ ಹಗುರವಾಗುವ ರಾಕೆಟ್, ಗಾಳಿಯ ತಡೆ ಹೆಚ್ಚಿರುವಾಗ ಬೀಳುವ ಮಳೆಹನಿ, ಇವುಗಳಿಗೆ ಅವು ಸಲ್ಲವು. ಪ್ರಶ್ನೆಯಲ್ಲಿ ಕೋಷ್ಟಕ ಕೊಟ್ಟಿದ್ದರೆ ಮೊದಲು ವ್ಯತ್ಯಾಸಗಳನ್ನು ನೋಡಬೇಕು. 0, 2, 4, 6 ಸೆಕೆಂಡುಗಳಲ್ಲಿ ವೇಗವು ಕ್ರಮವಾಗಿ 0, 6, 12, 15 ಮೀ/ಸೆ ಇದೆ ಎಂದುಕೊಳ್ಳಿ. ಮೊದಲ ಎರಡು ಅಂತರಗಳಲ್ಲಿ ವೇಗೋತ್ಕರ್ಷ 3 ಮೀ/ಸೆ², ಕೊನೆಯದರಲ್ಲಿ 1.5. ಪ್ರತಿ ಅಂತರದೊಳಗೆ ಅದು ಸ್ಥಿರವೆಂದು ಹಿಡಿದು ವಿಸ್ತೀರ್ಣಗಳನ್ನು ಕೂಡಿದರೆ 24 + 27 = 51 ಮೀಟರ್ ಬರುತ್ತದೆ; ವ್ಯತ್ಯಾಸವನ್ನು ಗಮನಿಸದೆ ½ × (0 + 15) × 6 ಎಂದವರಿಗೆ 45 ಬರುತ್ತದೆ.

ಉತ್ತರವನ್ನು ತಿರುಗಿ ನೋಡುವುದು

ಉತ್ತರ ಬಂದ ಬಳಿಕ ಏಕಮಾನ ಸರಿಯಿದೆಯೇ, ಚಿಹ್ನೆಯು ಚಿತ್ರದಲ್ಲಿನ ಬಾಣಕ್ಕೆ ಹೊಂದುತ್ತದೆಯೇ, ಗಾತ್ರ ನಂಬುವಂತಿದೆಯೇ ಎಂದು ನೋಡುವುದು ವಾಡಿಕೆ. ಕಾರಿನ ವೇಗೋತ್ಕರ್ಷ 80 ಮೀ/ಸೆ² ಎಂದು ಬಂದರೆ, ಅದು ಗುರುತ್ವ ವೇಗೋತ್ಕರ್ಷದ ಎಂಟು ಪಟ್ಟು. ಎಲ್ಲೋ ಕಿಲೋಮೀಟರುಗಳು ಮೀಟರುಗಳಾಗದೆ ಉಳಿದಿವೆ ಎಂದು ಅನುಮಾನಿಸಬೇಕು.

ಇದಕ್ಕಿಂತ ಬಿಗಿಯಾದ ಇನ್ನೊಂದು ಪರೀಕ್ಷೆಯಿದೆ, ಅದು ಅಭ್ಯಾಸಕ್ಕೂ ಒದಗುತ್ತದೆ: ಬಿಡಿಸಿದ ಲೆಕ್ಕದ ಉತ್ತರವನ್ನು ದತ್ತಾಂಶವಾಗಿಸಿ, ಕೊಟ್ಟಿದ್ದ ಸಂಖ್ಯೆಯೊಂದನ್ನು ಅಜ್ಞಾತವಾಗಿಸಿ ಮತ್ತೆ ಬಿಡಿಸುವುದು. ಬ್ರೇಕಿನ ಪ್ರಶ್ನೆಯನ್ನೇ ತಿರುಗಿಸೋಣ. ಚಾಲಕನು 0.8 ಸೆಕೆಂಡಿನ ಬಳಿಕ ಬ್ರೇಕ್ ಒತ್ತಿ, ಸೆಕೆಂಡಿಗೆ 5 ಮೀ/ಸೆ ನಂತೆ ವೇಗ ತಗ್ಗಿಸಿ, ಒಟ್ಟು 56 ಮೀಟರಿನಲ್ಲಿ ಕಾರನ್ನು ನಿಲ್ಲಿಸಿದ್ದಾನೆ. ಮೊದಲಿದ್ದ ವೇಗ ಎಷ್ಟು? ಮೊದಲ ಹಂತದ ದೂರ 0.8 × ವೇಗ, ಎರಡನೆಯದು ವೇಗ² ÷ 10. ಕೂಡಿಸಿ 56ಕ್ಕೆ ಸಮಗೊಳಿಸಿ 10ರಿಂದ ಗುಣಿಸಿದರೆ ವೇಗ² + (8 × ವೇಗ) − 560 = 0. ಮೂಲಗಳು 20 ಮತ್ತು −28. ಮೊದಲನೆಯದು ನಾವು ಹೊರಟ 72 ಕಿಲೋಮೀಟರ್. ಎರಡನೆಯದನ್ನು ಈ ಬಾರಿ ಚೆಂಡಿನ ಋಣ ಮೂಲದಂತೆ ಅರ್ಥೈಸಲು ಬರುವುದಿಲ್ಲ: ಹಿಮ್ಮುಖವಾಗಿ ಓಡುವ ಕಾರಿಗೆ ಬ್ರೇಕ್ ಹಾಕಿದರೆ ವೇಗೋತ್ಕರ್ಷದ ಚಿಹ್ನೆಯೇ ಬದಲಾಗಬೇಕಾಗುತ್ತದೆ, ನಾವು ಬರೆದ ಸಮೀಕರಣದಲ್ಲಿ ಅದು ಬದಲಾಗಿಲ್ಲ.